ಎಂಬತ್ತನಾಲ್ಕು ಟಿಕೆಟ್ಟು, ಎಂಬತ್ತನಾಲ್ಕು ತಲೆ

ಹಳೆಯ ಉಗಿಬಂಡಿಯ ಗಾರ್ಡನ್ನು ಊರೆಲ್ಲ ಎಣಿಕೆ ಮಾವ ಎಂದೇ ಕರೆಯುತ್ತಿತ್ತು. ಮೆಟ್ಟಿಲು ಹತ್ತಿದರೆ ಮೆಟ್ಟಿಲು ಎಣಿಸುವರು, ಬಟ್ಟೆ ಒಣಹಾಕಿದರೆ ಕ್ಲಿಪ್ಪು ಎಣಿಸುವರು. "ಮಾವನ ಮುಂದೆ ಆಕಳಿಸ್ಬೇಡ್ರಪ್ಪ, ಹಲ್ಲು ಎಣಿಸಿಬಿಟ್ಟಾರು" ಎಂದು ಸ್ಟೇಷನ್ನಿನ ಚಹಾದಂಗಡಿಯವಳು ನಗುತ್ತಿದ್ದಳು.

ಆ ಬಂಡಿ ದಿನನಿತ್ಯದ ರೈಲಲ್ಲ. ರಜಾದಿನಗಳಲ್ಲಿ ಮಾತ್ರ ಹೊಲ, ಹೊಳೆ, ಸುರಂಗ ತೋರಿಸುತ್ತ ಗುಡ್ಡದ ತುದಿಗೆ ಹೋಗಿಬರುವ ಮರದ ಡಬ್ಬಿಗಳ ಬಂಡಿ. ನಡುದಾರಿಯಲ್ಲಿ, ಹೊಳೆಯ ಪಕ್ಕ, ಇಂಜಿನ್ನಿಗೆ ನೀರು ತುಂಬಲು ಇಪ್ಪತ್ತು ನಿಮಿಷ ನಿಲ್ಲುತ್ತದೆ. ಜನ ಇಳಿದು ಫೋಟೋ ತೆಗೆದುಕೊಳ್ಳುತ್ತಾರೆ. ಹೊರಡುವ ಮುಂಚೆ ಮಾವ ಡಬ್ಬಿಯಿಂದ ಡಬ್ಬಿಗೆ ನಡೆದು ತಲೆ ಎಣಿಸಬೇಕು. ಟಿಕೆಟ್ಟು ಎಷ್ಟೋ ತಲೆಯೂ ಅಷ್ಟಾದರೆ ಹಸಿರು ಬಾವುಟ. ಇಪ್ಪತ್ತಾರು ವರ್ಷದಲ್ಲಿ ಒಬ್ಬರನ್ನೂ ಬಿಟ್ಟು ಬಂದವರಲ್ಲ.

ಆದರೆ ಅಷ್ಟೂ ವರ್ಷ ಹೆಂಡತಿಯನ್ನು ಒಮ್ಮೆಯೂ ಆ ಬಂಡಿ ಹತ್ತಿಸಿರಲಿಲ್ಲ. ಕೇಳಿದಾಗಲೆಲ್ಲ "ಮುಂದಿನ ವಾರ ನೋಡೋಣ" ಎನ್ನುವರು. ಆಕೆ ಬಿಳಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ ಕಳಿಸುವರು. ನಿವೃತ್ತಿಗೆ ಇನ್ನೆರಡು ತಿಂಗಳು ಎನ್ನುವಾಗ ಒಂದು ಬೆಳಗ್ಗೆ ಆಕೆಯೇ ಹೊಸ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರು.

"ರೀ, ನಿಮ್ಮ ಮುಂದಿನ ವಾರ ಇವತ್ತೇ ಬಂತು. ನಡೀರಿ."

ನೌಕರರ ಮನೆಯವರಿಗೆ ಟಿಕೆಟ್ಟು ಬೇಕಿಲ್ಲ. ಕೊನೆಯ ಗಾರ್ಡ್ ಡಬ್ಬಿಯಲ್ಲಿ, ಮಾವನ ಮರದ ಪೆಟ್ಟಿಗೆಯ ಮೇಲೆ ಕೂತು, ಕಿಟಕಿಗೆ ಗಲ್ಲ ಆನಿಸಿ, ಆಕೆ ನೋಡಿದ್ದೇ ನೋಡಿದ್ದು. "ಇಷ್ಟು ಚೆಂದದ ದಾರೀಲಿ ಓಡಾಡ್ಕೊಂಡು, ಮನೆಗೆ ಬಂದು ಬರೀ ಸುಸ್ತು ಅಂತಿದ್ರಲ್ಲ!"

ಹೊಳೆ ಬಂತು. "ಕಾಲು ನೆನೆಸ್ಕೊಂಡು ಬರ್ತೀನಿ" ಎಂದು ಚಪ್ಪಲಿ ಬಿಚ್ಚಿಟ್ಟು ಇಳಿದರು.

ಸಮಯವಾಯಿತು. ಮಾವ ಎಣಿಸಿದರು. ಟಿಕೆಟ್ಟು ಎಂಬತ್ತನಾಲ್ಕು, ತಲೆ ಎಂಬತ್ತನಾಲ್ಕು. ಕೂದಲೆಳೆಯಷ್ಟೂ ತಪ್ಪಿಲ್ಲ. ಸೀಟಿ ಊದಿ, ಹಿಂಬದಿಯ ಮೆಟ್ಟಿಲ ಮೇಲೆ ನಿಂತು ಬಾವುಟ ಬೀಸಿದರು. ಬಂಡಿ ತಿರುವು ಹಿಡಿಯುವಾಗ ದೂರದ ಬಂಡೆಯ ಮೇಲೆ ಯಾರೋ ಹೆಂಗಸು ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಈ ಬಂಡಿ ಕಂಡರೆ ಹೊಲದವರು, ದನ ಕಾಯುವವರು ಎಲ್ಲರೂ ಕೈ ಬೀಸುವವರೇ. ಮಾವನೂ ಎಂದಿನಂತೆ ನಗುತ್ತ ತಿರುಗಿ ಕೈ ಬೀಸಿದರು.

ಸುರಂಗ ದಾಟಿದ ಮೇಲೆ ಒಳಗೆ ಬಂದು, ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಚಹಾ ಬಗ್ಗಿಸಿ, "ತಗೋ" ಎಂದು ಒಂದನ್ನು ಚಾಚಿದರು. ಪೆಟ್ಟಿಗೆಯ ಬುಡದಲ್ಲಿ ಬರೀ ಹೊಸ ಚಪ್ಪಲಿ ಇತ್ತು.

ಒಂಟಿ ಹಳಿ, ಬಂಡಿಯನ್ನು ಹಿಂದಕ್ಕೆ ಬಿಡುವಂತಿಲ್ಲ. ತುದಿಗೆ ಹೋಗಿ ಇಳಿದು ಬರಲು ಎರಡು ಗಂಟೆ. ತುದಿಯಲ್ಲಿ ಡ್ರೈವರ್ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ ಮಾವಾ, ಹೆಂಡ್ತೀನ ಬಿಟ್ಟು ಬರೋಕೆ ಇಪ್ಪತ್ತಾರು ವರ್ಷ ಜಾಗ ಹುಡುಕಿದ್ರಾ?" ಮಾವನ ಮುಖ ಕಂಡು ನಗು ನುಂಗಿಕೊಂಡ. "ನೀರು ತುಂಬೋ ಅಜ್ಜ ಅಲ್ಲೇ ಇದಾನೆ, ಭಯ ಬೇಡ."

ಮಾವನನ್ನು ತಿನ್ನುತ್ತಿದ್ದುದು ಭಯವಲ್ಲ, ಬಂಡೆಯ ಮೇಲಿಂದ ಬೀಸಿದ ಆ ಕೈ. ತಾವು ತಿರುಗಿ ಬೀಸಿದ್ದು ಆಕೆಗೆ ಕಾಣದಿರಲಿ, ದೂರವಿತ್ತು, ಹೊಗೆಯಿತ್ತು, ಕಂಡಿರಲಿಕ್ಕಿಲ್ಲ ಎಂದು ಇಳಿಜಾರಿನುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು.

ಆಕೆ ನೀರಿನ ಟ್ಯಾಂಕಿಯ ನೆರಳಲ್ಲಿ ಬರಿಗಾಲಲ್ಲಿ ಕೂತಿದ್ದರು. ಮಾವ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು.

"ಲೆಕ್ಕ ಸರಿ ಇತ್ತು ಕಣೇ. ನಿಂದು ಟಿಕೆಟ್ ಇರ್ಲಿಲ್ಲ ನೋಡು, ಅದಕ್ಕೆ..."

"ಬಿಡಿ. ಬೇಕಂತ ಬಿಟ್ಟು ಹೋಗಿದ್ರೆ ಜಗಳಾನಾದ್ರೂ ಆಡ್ತಿದ್ದೆ." ಆಕೆ ಚಪ್ಪಲಿ ಮೆಟ್ಟಿಕೊಂಡರು. "ಕೂಗಿ ಕೂಗಿ ಗಂಟಲು ಕಟ್ಟಿತು. ನೀವು ನಗ್ತಾ ಕೈ ಬೀಸಿದ್ರಿ. ಇವರಿಗೆ ನನ್ನ ಗುರುತೇ ಹತ್ತಲಿಲ್ವಲ್ಲ ಅಂತ ಆಗ ಕೂಗೋದು ನಿಲ್ಲಿಸ್ದೆ."

ಮಾವ ಆಕೆಯ ಕೈ ಹಿಡಿದು ಗಾರ್ಡ್ ಡಬ್ಬಿಯ ಮೆಟ್ಟಿಲು ಹತ್ತಿಸಿದರು.

ಮರಳುವ ದಾರಿಯಲ್ಲಿ ಹೊಲದ ಮಕ್ಕಳು ಕೈ ಬೀಸಿದರು. ಮಾವನ ಕೈ ಮೇಲೇಳಲಿಲ್ಲ.

"ಬೀಸಿ. ಆ ಮಕ್ಕಳೇನು ಪಾಪ ಮಾಡಿದ್ವು?" ಎಂದು ಆಕೆ ತಾವೇ ಕಿಟಕಿಯಿಂದ ಕೈ ಚಾಚಿದರು.

ಉಳಿದ ಎರಡು ತಿಂಗಳು ಮಾವ ತಲೆ ಎಣಿಸಿ ಮುಗಿಸಿದ ಮೇಲೆ ಆ ಖಾಲಿ ಪೆಟ್ಟಿಗೆಯನ್ನೂ ಒಮ್ಮೆ ನೋಡಿಯೇ ಬಾವುಟ ಎತ್ತುತ್ತಿದ್ದರು. ಪ್ರತಿ ರಜಾದಿನದ ಬೆಳಗ್ಗೆ "ಬಾರೇ, ಹೋಗೋಣ" ಎಂದು ಕರೆಯುವರು. ಆಕೆ ಸಮವಸ್ತ್ರದ ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆ ಎಳೆಯುತ್ತ, ತಲೆ ಎತ್ತದೆ ಹೇಳುವರು:

"ಮುಂದಿನ ವಾರ ನೋಡೋಣ."