ಬರ್ಫ ನೋಡಿ ಬಂದ ಸೂಟ್‌ಕೇಸು

ಇವತ್ತು ಬೆಳಿಗ್ಗೆ ಸೂಟ್‌ಕೇಸನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಬಿಚ್ಚಿಟ್ಟೆ. ಒಳಗಿನ ಬಟ್ಟೆಯ ಹೊಲಿಗೆಯಿಂದ ಒಂದು ಚಿಟಿಕೆ ಮರಳು ಉದುರಿತು. ಬಗ್ಗಿ ಮೂಸಿದರೆ ಉಪ್ಪಿನ ತೇವ, ಅದರ ಕೆಳಗೆಲ್ಲೋ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಘಾಟು. ನೀವು ಎಂದಾದರೂ ಒಂದು ಸಾಮಾನಿನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೀರೋ ಇಲ್ಲವೋ ನನಗೆ ತಿಳಿಯದು. ನಾನು ಈ ಸೂಟ್‌ಕೇಸಿನ ಮೇಲೆ ಪಟ್ಟಿದ್ದೇನೆ. ಒಂದೆರಡು ದಿನವಲ್ಲ, ವರ್ಷಗಟ್ಟಲೆ.

ಅದನ್ನು ಕೊಂಡದ್ದು ಸೊಲ್ಲಾಪುರದಲ್ಲಿ. ಆಳಂದದವರಾದ ನಮಗೆ ಸೀರೆಗೂ ಪಾತ್ರೆಗೂ ಮದುವೆ ಜವಳಿಗೂ ಸೊಲ್ಲಾಪುರವೇ ಗತಿ. ನೀಲಿ ಬಣ್ಣ, ಕೆಳಗೆ ಚಕ್ರ. ಅಂಗಡಿಯವನು ಅದರ ಮೇಲೆ ಹತ್ತಿ ನಿಂತು, ಕುಣಿದು, ಒಡೆಯುವುದಿಲ್ಲವೆಂದು ತೋರಿಸಿದ್ದ. ಆ ಚಳಿಗಾಲದಲ್ಲಿ ನಾನೂ ನಮ್ಮ ಮನೆಯವರೂ ಸಮುದ್ರ ನೋಡಲು ಹೋಗುತ್ತೇವೆ ಎಂದು ನಾನು ಅಂದುಕೊಂಡಿದ್ದೆ. ಅಂದುಕೊಂಡಿದ್ದೆ ಅಷ್ಟೇ, ಅವರಿಗೆ ಹೇಳಿರಲಿಲ್ಲ. ಹೊಸ ಸೂಟ್‌ಕೇಸು ನೋಡಿಯಾದರೂ ಅವರಿಗೆ ತಿಳಿಯಬಾರದೇ?

ತಿಳಿಯಲಿಲ್ಲ. ಅವರದು ಅಡತಿ ಅಂಗಡಿ, ರೈತರು ತಂದ ತೊಗರಿಯನ್ನು ಮಾರಿಸಿಕೊಡುವ ವ್ಯಾಪಾರ. ಜಗತ್ತಿನ ಜನ ಬೆಟ್ಟದ ಮೇಲೆ ಬರ್ಫ, ಅಂದರೆ ಹಿಮ, ಬಿತ್ತೆಂದು, ಕಡಲ ಗಾಳಿ ತಂಪಾಯಿತೆಂದು ಹೊರಡುವ ಹೊತ್ತಿಗೇ ನಮ್ಮಲ್ಲಿ ತೊಗರಿ ಒಕ್ಕುವ ರಾಶಿ ಶುರುವಾಗುತ್ತದೆ. ರಾಶಿ ಮುಗಿದರೆ ಮದುವೆಗಳು, ಮದುವೆ ಮುಗಿದರೆ ಬಿತ್ತನೆ. ಅಂಗಡಿಗೆ ಬಿಡುವೆಂದರೆ ಅಮಾವಾಸ್ಯೆಯೊಂದೇ. ಅವತ್ತು ಘತ್ತರಗಿಗೆ ಹೋಗಿ, ಭೀಮಾ ನದಿಯಲ್ಲಿ ಮುಳುಗೆದ್ದು, ಭಾಗ್ಯವಂತಿ ದೇವಿಗೆ ಕಾಯಿ ಒಡೆಸಿ, ಬರುವಾಗ ಅಫಜಲಪುರದಲ್ಲಿ ಚಹಾ ಕುಡಿಯುವುದು. ನಮ್ಮ ಪ್ರವಾಸ ಅಲ್ಲಿಗೆ ಸಂಪೂರ್ಣ.

ಇನ್ನು ಸುನಂದಾಳ ವಿಷಯ. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ. ಜೇವರ್ಗಿಯಲ್ಲಿದ್ದಾಳೆ. ಮೈದುನ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ರಜೆಗೆ ಬರವಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಹುಚ್ಚು. ಗುಡ್ಡ ಕಂಡರೆ ಹತ್ತಬೇಕು, ನೀರು ಕಂಡರೆ ಇಳಿಯಬೇಕು. ಮೊದಲ ಸಲ ಗುಲ್ಮಾರ್ಗಕ್ಕೆ ಹೊರಟಾಗ ಅವಳು ನಮ್ಮ ಮನೆಗೆ ಬಂದು, "ಅಕ್ಕಾ, ನಿಮ್ಮ ಸೂಟ್‌ಕೇಸ ಕೊಡ್ತೀರೇನ್ರಿ? ಹೆಂಗೂ ಸುಮ್ನ ಬಿದ್ದದ" ಅಂದಳು. ಆ "ಸುಮ್ನ ಬಿದ್ದದ" ಎಂಬ ಮಾತು ಇಂದಿಗೂ ಚುಚ್ಚುತ್ತದೆ.

ಆದರೂ ಕೊಟ್ಟೆ. ಖಾಲಿ ಕೊಡಲು ಬರುತ್ತದೆಯೇ? ನಮ್ಮಲ್ಲಿ ಡಬ್ಬಿಯಾಗಲಿ ಬುಟ್ಟಿಯಾಗಲಿ, ಒಂದು ಮನೆಯಿಂದ ಇನ್ನೊಂದು ಮನೆಗೆ ಬರಿದಾಗಿ ಹೋಗಬಾರದು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆ ಎಲ್ಲ ಕಟ್ಟಿ ಇಟ್ಟೆ. ಅವಳೂ ಅದೇ ರೀತಿ ಬರಿದಾಗಿ ಮರಳಿಸಲಿಲ್ಲ, ಅಕ್ರೋಟು ತುಂಬಿ ತಂದಳು. ಅದರ ಜೊತೆಗೆ ಕತೆ.

"ಕಾಲಿಗಿ ಉದ್ದಾನ ಎರಡು ಪಟ್ಟಿ ಕಟ್ತಾರ್ರೀ ಅಕ್ಕಾ. ಮ್ಯಾಲಿಂದ ಜಾರಿದ್ರ ಮುಗೀತು, ನಿಂದ್ರಾಕ ಬರಂಗಿಲ್ಲ. ನಿಮ್ಮ ಮೈದುನಾರು ಬರ್ಫನ್ಯಾಗ ಮಕಾಡೆ ಬಿದ್ರು. ನಾ ನಕ್ಕು ನಕ್ಕು ನಾನೂ ಬಿದ್ದೆ. ಆಮ್ಯಾಲ ಅಲ್ಲೇ ಕುಂತು ನಿಮ್ಮ ರೊಟ್ಟಿ ತಿಂದೇವ್ರಿ."

ನಾನು ನಕ್ಕೆ. ಒಳಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು. ನನ್ನ ಸೂಟ್‌ಕೇಸು ಬರ್ಫ ನೋಡಿತು, ನಾನು ಬಡಿದ ರೊಟ್ಟಿ ಬರ್ಫ ನೋಡಿತು, ನಾನು ಮಾತ್ರ ಒಲೆ ನೋಡಿಕೊಂಡು ಕೂತಿದ್ದೆ. ನಮ್ಮ ಮನೆಯವರು ಪಕ್ಕದಲ್ಲೇ ಕೂತು ಅಂಗೈಯಲ್ಲಿ ತೊಗರಿಯ ಮಾದರಿ ಹರವಿಕೊಂಡು ಕಾಳು ಆರಿಸುತ್ತಿದ್ದರು. ಕಲ್ಲು ಮನುಷ್ಯ, ಇವರಿಗೆ ಆಸೆ ಎಂಬುದೇ ಇಲ್ಲ ಎಂದು ನಾನು ಅಂದೇ ತೀರ್ಮಾನಿಸಿಬಿಟ್ಟೆ.

ಆಮೇಲೆ ಸೂಟ್‌ಕೇಸು ಮನಾಲಿಗೆ ಹೋಯಿತು, ಕಾರವಾರಕ್ಕೆ ಹೋಯಿತು, ಮಲ್ಪೆಗೆ ಹೋಯಿತು. ಸೇಬು ಬಂತು, ಕೋಕಂ ಬಂತು, ಕಪ್ಪೆಚಿಪ್ಪಿನ ಸರ ಬಂತು. ಸರವನ್ನು ನಾನು ಒಂದು ದಿನವೂ ಹಾಕಿಕೊಳ್ಳಲಿಲ್ಲ. ಅಲ್ಮಾರಿಯ ಬಾಗಿಲು ತೆರೆದಾಗಲೆಲ್ಲ ಕಂಡು ಸಿಟ್ಟು ಬರಲಿ ಎಂದೇ ಒಳಗೆ ತೂಗುಹಾಕಿದ್ದೆ.

ಈ ವರ್ಷ ಮತ್ತೆ ಅವಳ ಫೋನು. "ಅಕ್ಕಾ, ಗೋಕರ್ಣಕ್ಕ ಹೊಂಟೇವ್ರಿ. ದಂಡಿಗುಂಟ ನಡಕೋತ ಹೋಗೋದು, ದೋಣಿ ನಾವೇ ಹುಟ್ಟು ಹಾಕೋದು. ಸೂಟ್‌ಕೇಸ ಬೇಕಾಗಿತ್ರಿ."

ನನ್ನ ಬಾಯಿಗೆ ಏನಾಯಿತೋ ಕಾಣೆ. "ಕೊಡಾಕ ಆಗಂಗಿಲ್ಲವಾ. ನಾವೂ ಸಮುದ್ರಕ್ಕ ಹೊಂಟೇವಿ" ಅಂದುಬಿಟ್ಟೆ.

"ಅಯ್ಯ, ಖರೇನ್ರೀ? ಹಂಗಾರ ಕೂಡೇ ಹೋಗೂನು ಬರ್ರಿ!"

ಆ ಹುಡುಗಿಯಲ್ಲಿ ಕಪಟವಿಲ್ಲ. ನನ್ನ ಕಷ್ಟವೇ ಅದು, ಕೆಟ್ಟವಳಾಗಿದ್ದರೆ ಹೊಟ್ಟೆಕಿಚ್ಚು ಪಡಲು ಎಷ್ಟು ಆರಾಮವಾಗುತ್ತಿತ್ತು! ಫೋನು ಇಟ್ಟು ತಿರುಗಿದರೆ ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಏನಾದರೂ ಅನ್ನುತ್ತಾರೆಂದು ಕಾದೆ. ಅವರೂ ಸ್ವಲ್ಪ ಹೊತ್ತು ನಿಂತರು. ಕೊನೆಗೆ "ಹೋಗಿ ಬಾ" ಎಂದು ಹೇಳಿ, ಚಪ್ಪಲಿ ಮೆಟ್ಟಿ ಅಂಗಡಿಗೆ ನಡೆದರು. ಸಿಟ್ಟಿನಲ್ಲೇ ಬಟ್ಟೆ ತುಂಬಿ ಸುನಂದಾಳ ಜೊತೆ ಗೋಕರ್ಣಕ್ಕೆ ಹೊರಟೆ.

ಸಮುದ್ರವನ್ನು ಹೇಗೆ ಹೇಳಲಿ? ಭೀಮೆಗೆ ಆಚೆ ದಂಡೆ ಇದೆ, ಇದಕ್ಕಿಲ್ಲ. ಆಚೆ ದಂಡೆ ಕಾಣದ ನೀರಿನ ಎದುರು ನನಗೆ ಸುಮ್ಮನೆ ಅಳು ಬಂತು. ಮೊಳಕಾಲು ಮಟ್ಟ ಇಳಿದೆ. ತೆರೆ ಬಂದು ಹಿಂದೆ ಸರಿಯುವಾಗ ಪಾದದ ಕೆಳಗಿನ ಮರಳನ್ನು ಎಳೆದೊಯ್ಯುತ್ತದೆ, ನಿಂತ ನೆಲವೇ ಜಾರುತ್ತದೆ. ಆಸರೆಗೆಂದು ಕೈ ಚಾಚಿದೆ. ಎಡಕ್ಕೆ ನೋಡಿದರೆ ಸುನಂದಾ ಮತ್ತು ಮೈದುನ ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದು ಚೀರುತ್ತ ನಗುತ್ತಿದ್ದರು. ನಾನು ನನ್ನ ಸೆರಗನ್ನೇ ಹಿಡಿದುಕೊಂಡೆ. ಅಷ್ಟು ನೀರಿನಲ್ಲಿ ನಿಂತೂ ಹೊಟ್ಟೆಯ ಉರಿ ಆರಲಿಲ್ಲ ನೋಡಿ, ಇನ್ನೂ ಹೆಚ್ಚಾಯಿತು.

ನಿನ್ನೆ ಊರಿಗೆ ಬಂದೆ. ಇವತ್ತು ಮಧ್ಯಾಹ್ನ ನಮ್ಮ ಮನೆಯವರಿಗೆ ಊಟಕ್ಕೆ ಬಡಿಸುತ್ತ ಎಲ್ಲವನ್ನೂ ಹೇಳಿದೆ. ನಿಜ ಹೇಳುತ್ತೇನೆ, ಅವರ ಹೊಟ್ಟೆ ಉರಿಯಲಿ ಎಂದೇ ಬಣ್ಣ ಕಟ್ಟಿ ಹೇಳಿದೆ. ಅವರು ತಲೆ ಎತ್ತದೆ ಉಣ್ಣುತ್ತಿದ್ದರು. ಮರಳು ಜಾರುವ ಮಾತು ಬಂದಾಗ ಮಾತ್ರ ತುತ್ತು ಕೈಯಲ್ಲೇ ನಿಂತಿತು.

"ತೆರಿ ಬಂದಾಗ ಯಾರ ಕೈ ಹಿಡಕೊಂಡಿದ್ದಿ?"

"ಯಾರದೂ ಇಲ್ಲ."

ತಾಟು ನೋಡುತ್ತಲೇ ಹೇಳಿದರು. "ಅವತ್ತ ಬಾಗಿಲದಾಗ ನಿಂತಿದ್ನಲ್ಲ. ನೀವೂ ಬರ್ರಿ ಅಂತೀ ಅಂತ ನಿಂತಿದ್ದೆ. ಅನಲಿಲ್ಲ ನೀ."

"ರಾಶಿ ಇತ್ತಲ್ರೀ…"

"ರಾಶಿ ಇದ್ದೇ ಇರ್ತದ. ನನ್ನ ತಮ್ಮ ಹೇಣ್ತಿನ್ನ ಕರಕೊಂಡು ಊರೂರು ತಿರಗ್ತಾನ. ನನಗೇನು ಕಣ್ಣಿಲ್ಲೇನು?"

ತಲೆ ಎತ್ತಿದರು. ಆ ಮುಖವನ್ನು ನಾನು ಬಲ್ಲೆ. ಸುನಂದಾ ಕತೆ ಹೇಳಿ ಹೋದ ಮೇಲೆ ಕನ್ನಡಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಇಷ್ಟು ವರ್ಷ ಒಂದೇ ಮಾಳಿಗೆಯ ಕೆಳಗೆ ಇಬ್ಬರೂ ಬೇರೆ ಬೇರೆ ಉರಿದಿದ್ದೆವು, ಮತ್ತು ಇಬ್ಬರೂ ಇನ್ನೊಬ್ಬರು ಕರೆಯಲಿ ಎಂದು ಕಾದಿದ್ದೆವು.

ಸಾರಿನ ಸೌಟು ಕೆಳಗಿಟ್ಟೆ. ಮದುವೆಯಾದ ಇಷ್ಟು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟು ಕೇಳಿದೆ.

"ನನ್ನ ಕೂಡ ಬರ್ತೀರೇನ್ರಿ?"

ಎಂಜಲು ಕೈಯಲ್ಲೇ ಅವರು ನನ್ನ ಕೈ ಹಿಡಿದುಕೊಂಡರು. ಸಾರು ಆರುತ್ತಿತ್ತು, ಆರಲಿ ಎಂದು ಬಿಟ್ಟೆ.