ಮೀಸೆಯವನು ಆಡಿದ ಚೌಕಾಬಾರ

ಬಾಯಲ್ಲಿ ಹೇಳಲು ಹೋದರೆ ನನ್ನ ಮಾತು ಅರ್ಧಕ್ಕೇ ನಿಂತುಹೋಗುತ್ತದೆ, ಮಕ್ಕಳೇ, ನಿಮಗೆ ಗೊತ್ತೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮಪ್ಪ ಆಗ ಇನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದ. ತೊಂಬತ್ತರ ದಶಕದ ಮಾತು.

ನಿಮ್ಮ ತಾತ ತೀರಿಕೊಂಡು ವರ್ಷ ತುಂಬಿತ್ತು. ನರಸೀಪುರದ ಹತ್ತಿರದ ನಮ್ಮ ಊರಿನ ಮನೆಯಲ್ಲಿ ನಾನು, ನನ್ನ ಅತ್ತೆ, ನಿಮ್ಮಪ್ಪ ಮೂವರೇ ಇದ್ದೆವು. ವರ್ಷದ ಎಡೆ ಇಟ್ಟ ದಿನ ನಂಜನಗೂಡಿನ ಕಡೆಯಿಂದ ನನ್ನ ಅಣ್ಣ ಬಂದಿದ್ದ. ಊಟ ಮಾಡಿ ಕೈ ಒರೆಸಿಕೊಳ್ಳುತ್ತಾ ಅತ್ತೆಯ ಎದುರಿಗೇ ಹೇಳಿದ: "ಇನ್ನು ಇಲ್ಲೇನಿದ್ದದವ್ವ ನಿಂಗೆ? ಮಗೀನ ಕರ್ಕಂಡು ಬಂದ್ಬುಡು. ನಮ್ಮೂರ ತಾವೇ ತಾಂಡ್ಯದಲ್ಲಿ ಫ್ಯಾಕ್ಟ್ರಿ ಬೇಕಾದಂಗವೆ, ಒಂದು ಕೆಲ್ಸ ನೋಡ್ಕೊಡ್ತೀನಿ."

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಣ್ಣ ಬಸ್ಸು ಹತ್ತಿದ. ಅಂದಿನಿಂದ ಅತ್ತೆಯ ಮಾತು ಕಮ್ಮಿಯಾಗುತ್ತಾ ಹೋಯಿತು. ಸಿಟ್ಟಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುವರು, ಎತ್ತಿಗೆ ಹುಲ್ಲು ಹಾಕುವರು, ಮೊಮ್ಮಗನ ತಲೆ ಸವರುವರು. ನನ್ನನ್ನು ಮಾತ್ರ "ಹೋಗ್ತೀಯಾ?" ಎಂದು ಕೇಳಲಿಲ್ಲ. ಹೋಗುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಆದರೆ ಕೇಳದೆ ಹೇಳುವುದು ಹೇಗೆ? ಹೊಲದ ಮೇಲೆ ಕಣ್ಣಿಟ್ಟು ಉಳಿದಳು ಅಂದುಕೊಂಡರೆ? ಹೀಗೆ ಇಬ್ಬರೂ ಒಂದೇ ಮಾತನ್ನು ಬಾಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದೆವು.

ನಮ್ಮೂರಲ್ಲಿ ಸೋಮವಾರ ಎತ್ತಿಗೆ ನೊಗ ಕಟ್ಟುತ್ತಿರಲಿಲ್ಲ. ಎತ್ತುಗಳಿಗೆ ರಜಾ ಎಂದರೆ ನಮಗೂ ಅಷ್ಟಿಷ್ಟು ಬಿಡುವು. ಆವತ್ತು ದೀಪ ಹಚ್ಚಿದ ಮೇಲೆ ನಮ್ಮ ಜಗಲಿಯಲ್ಲಿ ಚೌಕಾಬಾರ. ಅದರ ಮನೆಗಳನ್ನು ಯಾವ ಕಾಲದವರೋ ಜಗಲಿಯ ಕಲ್ಲಿನಲ್ಲೇ ಕೆತ್ತಿದ್ದರು. ಆಡುವವರು ನಾಲ್ಕು ಜನ: ಅತ್ತೆ, ನಾನು, ಎದುರು ಮನೆಯ ಅಕ್ಕ, ರಾಗಿ ಮಿಲ್ಲು ನಡೆಸುತ್ತಿದ್ದ ಅವಳ ಗಂಡ. ಅವರನ್ನು ನಾನು ಬಾವ ಎನ್ನುತ್ತಿದ್ದೆ. ಸೂತಕದ ವರ್ಷ ಕವಡೆ ಮುಟ್ಟಿರಲಿಲ್ಲ. ಮತ್ತೆ ಶುರು ಮಾಡಿದಾಗ ಆಟ ಸತ್ತೇ ಹೋದಂತಿತ್ತು. ನಗಬಹುದೋ ಬಾರದೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅತ್ತೆ ಕವಡೆ ಹಾಕಿ, ಕಾಯಿ ನಡೆಸಿ, ಬೀದಿ ನೋಡುತ್ತಾ ಕೂತುಬಿಡುವರು. ಮೊದಲು ಅವರ ಮಾತು ಕೇಳಲು ಇಡೀ ಬೀದಿ ಬಂದು ನಿಲ್ಲುತ್ತಿತ್ತು.

ನಾನಂತೂ ಎಂದೂ ಗೆದ್ದವಳಲ್ಲ. ಚೌಕಾಬಾರದಲ್ಲಿ ಬೇರೆಯವರ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಅತ್ತೆಯ ಕಾಯಿ ಹೊಡೆಯುವುದೇ? ಅಕ್ಕ, ಬಾವ ಕೂಡ ಹಿರಿಯರು. ಹೊಡೆಯುವ ಗರ ಬಿದ್ದರೂ ಬೇರೆ ಕಾಯಿ ನಡೆಸಿಬಿಡುತ್ತಿದ್ದೆ. ನನ್ನ ಕಾಯಿಗಳು ಹೊರಸುತ್ತಿನಲ್ಲೇ ಸುತ್ತಿ ಸುತ್ತಿ ಸವೆಯುತ್ತಿದ್ದವು.

ಆಗ ನಾನು ಊರಿನ ಅಂಗನವಾಡಿಯಲ್ಲಿ ಸಹಾಯಕಿ. ನರಸೀಪುರದಲ್ಲಿ ಟ್ರೈನಿಂಗ್ ಎಂದು ಕರೆದಿದ್ದರು. ಅಲ್ಲಿ ಹಳೇ ಬಟ್ಟೆಯಲ್ಲಿ ಕೈಗೊಂಬೆ ಮಾಡುವುದನ್ನು ಹೇಳಿಕೊಟ್ಟರು. "ನಿಮ್ಮ ಹತ್ತಿರ ಬಾಯಿ ಬಿಡದ ಮಗು ಗೊಂಬೆ ಹತ್ತಿರ ಬಾಯಿ ಬಿಡುತ್ತೆ" ಎಂದರು ಮೇಡಂ. ಬಸ್ಸಿನಲ್ಲಿ ಬರುತ್ತಾ ನನಗೆ ಮಕ್ಕಳ ನೆನಪಾಗಲಿಲ್ಲ. ಅತ್ತೆಯ ನೆನಪಾಯಿತು.

ನಿಮ್ಮಪ್ಪನ ಹರಿದ ಕಾಲುಚೀಲಗಳಲ್ಲಿ ಎರಡು ಗೊಂಬೆ ಹೊಲಿದೆ. ಒಂದಕ್ಕೆ ಕರಿ ದಾರದ ದೊಡ್ಡ ಮೀಸೆ. ಇನ್ನೊಂದಕ್ಕೆ ತುರುಬು. ಸೋಮವಾರ ಸಂಜೆ ಕರೆಂಟು ಹೋಗಿತ್ತು. ಲಾಟೀನು ತಂದಿಟ್ಟು, ಸೆರಗಿನೊಳಗೆ ಮೀಸೆಯವನನ್ನು ಕೈಗೆ ಹಾಕಿಕೊಂಡು ಕೂತೆ. ನನ್ನ ಸರದಿ ಬಂದಾಗ ತೆಗೆದೆ. ಗಂಟಲು ದಪ್ಪ ಮಾಡಿ, "ಕವಡೆ ಕೊಡ್ರವ್ವ, ಈವತ್ತು ನಾನಾಡ್ತೀನಿ" ಎಂದೆ.

ಅಕ್ಕ ಹೌಹಾರಿದಳು. "ಅಯ್ ಶಿವ್ನೆ! ಇದ್ಯಾವುದ್ಲಾ ಮೀಸೆ?"

"ನರಸೀಪುರದ್ದು ಕನಕ್ಕ. ಸಂತೆಗೆ ಬಂದಿದ್ದೆ, ಬಸ್ಸು ತಪ್ಪೋಯ್ತು."

ಬಾವ ನಕ್ಕು ಕೆಮ್ಮಿದರು. ತುರುಬಿನ ಗೊಂಬೆಯನ್ನು ಅವರ ಕಡೆ ತಳ್ಳಿದೆ. ತಮ್ಮ ದಪ್ಪ ಕೈಯನ್ನು ಅದರೊಳಗೆ ತೂರಿಸಿ ಹೆಣ್ಣು ದನಿಯಲ್ಲಿ, "ನೋಡ್ರೀ, ಮಿಲ್ಲಿನೋರ ಎಂಡ್ರು ನಾನು, ಗಂಡಂಗೆ ರಾಗಿ ಇಟ್ಟೇ ಇಕ್ಕಾಕಿಲ್ಲ" ಎಂದರು. ಅಕ್ಕ ಅವರ ಬೆನ್ನಿಗೆ ಒಂದು ಗುದ್ದಿದಳು. ಬಹಳ ದಿನದ ಮೇಲೆ ನಮ್ಮ ಜಗಲಿಯಲ್ಲಿ ನಗು ಕೇಳಿಸಿತು. ಅತ್ತೆ ಮಾತ್ರ ಬೀದಿಯನ್ನೇ ನೋಡುತ್ತಿದ್ದರು.

ಮೀಸೆಯವನು ಕವಡೆ ಚೆಲ್ಲಿದ. ಮೂರು ಬಿತ್ತು. ಮೂರನೇ ಮನೆಯಲ್ಲಿ ಅತ್ತೆಯ ಕಾಯಿ ಇತ್ತು. ನನ್ನ ಕೈ ತಡೆಯಿತು. ಆಮೇಲೆ, ಕೈ ನನ್ನದಲ್ಲವಲ್ಲ ಅನ್ನಿಸಿತು. ಗೊಂಬೆಯ ಬಾಯಲ್ಲೇ ಅವರ ಕಾಯಿ ಕಚ್ಚಿ ಎತ್ತಿ ಅವರ ಮುಂದೆ ಹಾಕಿದೆ.

ಅತ್ತೆ ತಿರುಗಿದರು. ನನ್ನನ್ನಲ್ಲ, ಗೊಂಬೆಯನ್ನು ನೋಡಿದರು.

"ಏನ್ಲಾ ಮೀಸೆಯಾ, ನನ್ ಕಾಯ ಒಡುದ್ಯಾ? ಉಂಡ್ ಓಗ್ಲಿ ಅಂತ ಜಗ್ಲಿ ಮ್ಯಾಲ್ ಕೂರುಸುದ್ರೆ!"

"ಒಡೀದೆ ಒಳಕ್ ಬುಡಾಕಿಲ್ವಲ್ಲವ್ವ ನೀವು."

"ಬಾಯ್ ನೋಡು ಬಾಯ. ನಿಮ್ಮವ್ವ ಇದ್ನೇ ಏನ್ಲಾ ಕಲ್ಸಿದ್ದು?"

ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆ ಒಂದು ಹೊಡೆತಕ್ಕೆ ಮತ್ತೊಂದು ಆಟ ಸಿಕ್ಕಿ, ನನ್ನ ಕಾಯಿ ಒಳಸುತ್ತಿಗೆ ಹೋಯಿತು. ಅತ್ತೆ ಕವಡೆಗಳನ್ನು ಎತ್ತಿಕೊಂಡರು, ಆದರೆ ಹಾಕಲಿಲ್ಲ. ಅಂಗೈಯಲ್ಲಿ ಆಡಿಸುತ್ತಾ ಕೂತರು. ಆಮೇಲೆ ಗೊಂಬೆಯ ಹತ್ತಿರಕ್ಕೆ ಬಗ್ಗಿ, ಗುಟ್ಟು ಹೇಳುವವರ ಹಾಗೆ ಕೇಳಿದರು: "ಅಲ್ಕಲಾ, ನೀನು ಬಸ್ಸಲ್ ತಿರುಗೋನು. ಇವ್ಳು ನಂಜನಗೂಡ್ಗೆ ಒಂಟೋಯ್ತಾಳಂತ, ದಿಟ್ವಾ?"

ಬಾವ ತುರುಬಿನ ಗೊಂಬೆಯನ್ನು ಮೆಲ್ಲಗೆ ಕೆಳಗಿಟ್ಟರು. ಲಾಟೀನಿನ ಸುತ್ತ ಹುಳ ಹಾರುತ್ತಿದ್ದವು. ಮೀಸೆಯವನ ದನಿ ಎಲ್ಲಿ ಹೋಯಿತೋ, ಎಷ್ಟು ತಡಕಿದರೂ ಸಿಗಲಿಲ್ಲ. "ನಂಗೇನ್ ಗೊತ್ತವ್ವ, ಅವ್ಳನ್ನೇ ಕೇಳಿ" ಎಂದೆ. ಅದು ಆಗಲೇ ಮುಕ್ಕಾಲುಪಾಲು ನನ್ನ ದನಿಯೇ ಆಗಿತ್ತು.

ಅತ್ತೆ ಕತ್ತೆತ್ತಿದರು. ಲಾಟೀನಿನ ಬೆಳಕಿನಲ್ಲಿ ಅವರ ಕಣ್ಣು ನನ್ನ ಮೇಲೆ ನಿಂತಿತ್ತು. "ಒಂಟೋಯ್ತೀಯಾ, ಕೂಸೇ?"

ಗೊಂಬೆಯನ್ನು ಕೈಯಿಂದ ತೆಗೆದೆ. "ಇಲ್ಲ ಕನತ್ತೆ. ಓಗಾಕಿಲ್ಲ."

"ಮಗ?"

"ಅವ್ನೂ ಇಲ್ಲೇ."

"ನಿಮ್ಮಣ್ಣ ಬಂದ್ ಕರುದ್ರೆ?"

"ಉಣ್ಣಾಕಿಕ್ಕಿ ಕಳಿಸಾನ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಕಾಲು ಸರಿಮಾಡಿಕೊಂಡು ಮಂಡಿ ಊರಿ ಕೂತರು. ಅವರು ನಿಜವಾಗಿ ಆಡಲು ಕೂರುತ್ತಿದ್ದದ್ದು ಹಾಗೆಯೇ. ಕವಡೆ ಹಾಕಿದರು. ಬಾರ ಬಿತ್ತು, ಎಂಟು. ಇನ್ನೊಮ್ಮೆ ಹಾಕಿದರು, ಎರಡು. ತಮ್ಮ ಇನ್ನೊಂದು ಕಾಯಿಯನ್ನು ಎಣಿಸಿಕೊಂಡು ಬಂದು, ಒಳಸುತ್ತಿನಲ್ಲಿ ಈಗತಾನೇ ಕಾಲಿಟ್ಟಿದ್ದ ನನ್ನ ಕಾಯಿಯನ್ನು ಟಪ್ ಎಂದು ಹೊಡೆದು ನನ್ನ ಮಡಿಲಿಗೆ ಎಸೆದರು.

"ಮದ್ಲಿಂದ ಬಾ" ಎಂದರು.