ಮೇಸ್ತ್ರಿ ಕುಯ್ಯದೇ ಬಿಟ್ಟ ಫ್ರೇಮು

ಬಾಳ್ಳುಪೇಟೆಯ ನಮ್ಮ ವೆಲ್ಡಿಂಗ್ ಮೇಸ್ತ್ರಿಗೆ ಎಡಗಡೆ ಹುಬ್ಬೇ ಇರಲಿಲ್ಲ. ಯಾವತ್ತೋ ಕಿಡಿ ಹಾರಿ ಸುಟ್ಟುಹೋದದ್ದು ಮತ್ತೆ ಬೆಳೆಯಲಿಲ್ಲವಂತೆ. ಹಾಗಾಗಿ ಅವರು ನಕ್ಕರೂ ಸಿಟ್ಟಾದರೂ ಮುಖದ ಒಂದು ಪಕ್ಕ ಮಾತ್ರ ಅದನ್ನು ಹೇಳುತ್ತಿತ್ತು, ಇನ್ನೊಂದು ಪಕ್ಕ ಸುಮ್ಮನಿರುತ್ತಿತ್ತು. ಆ ಸುಮ್ಮನಿದ್ದ ಪಕ್ಕವನ್ನು ನಾನು ಸರಿಯಾಗಿ ನೋಡಬೇಕಿತ್ತು.

ಹೆದ್ದಾರಿಯಲ್ಲಿ ಲಾರಿಗಳು ನಿಲ್ಲುವ ಜಾಗದ ಹಿಂದೆ ಅವರ ಶೆಡ್ಡು. ವನಗೂರಿನ ಏರಿನಲ್ಲಿ ಓಡಾಡುವ ಜೀಪುಗಳೆಲ್ಲ ಅವರ ಕೈಯಲ್ಲಿ ಕುಯ್ಯಿಸಿಕೊಂಡವೇ. ಕಂಪನಿಯವರು ಕೊಟ್ಟ ಹಾಗೇ ಉಳಿದ ಜೀಪು ಆ ಕಡೆ ಒಂದೂ ಇರಲಿಲ್ಲ. ಕೆಲಸ ಮಾಡುವಾಗ ಅವರ ಬಾಯಲ್ಲಿ ಸದಾ ಒಂದೇ ಮಾತು. "ಕಬ್ಬಿಣ ಸುಳ್ಳು ಹೇಳಲ್ಲ ಕಣವ್ವ. ಮನ್ಸ ಹೇಳ್ತಾನೆ." ಎಷ್ಟು ಸಲ ಕೇಳಿದ್ದೇನೋ! ಇವತ್ತು ಅದನ್ನು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ನನಗಾಗ ಡೌನ್‌ಹಿಲ್ ರೇಸಿನ ಹುಚ್ಚು. ಗುಡ್ಡದ ನೆತ್ತಿಯಿಂದ ಬಂಡೆ, ಬೇರು, ಕೆಸರು ಏನೂ ನೋಡದೆ ಸೈಕಲ್ಲಿನಲ್ಲಿ ಇಳಿಯಬೇಕು; ಬೇಗ ಕೆಳಗೆ ಬಂದವರು ಗೆದ್ದರು, ಅಷ್ಟೇ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅಪ್ಪ ಅದನ್ನು ಆಟ ಅಂತಲೇ ಒಪ್ಪಲಿಲ್ಲ. "ಸಾಯಕ್ಕೆ ಇಷ್ಟು ದೂರ ಹತ್ತಬೇಕಾ ಮಾರಾಯ್ತಿ?" ಅನ್ನುತ್ತಿದ್ದರು. ನಾನೋ, ಫೋನಿನಲ್ಲಿ ವಿದೇಶದ ರೇಸುಗಳನ್ನು ನೋಡಿ ನೋಡಿ ಒಂದು ವಿಷಯ ತಲೆಗೆ ತುಂಬಿಕೊಂಡಿದ್ದೆ: ದೊಡ್ಡ ರೇಸಿನವರು ಯಾರೂ ಅಂಗಡಿಯ ಫ್ರೇಮಿನ ಮೇಲೆ ಇಳಿಯುವುದಿಲ್ಲ, ಒಬ್ಬೊಬ್ಬರಿಗೂ ಅಳತೆ ತೆಗೆದು ಬೇರೆಯೇ ಮಾಡಿಕೊಡುತ್ತಾರೆ. ನಮ್ಮ ಕಡೆ ಜೀಪನ್ನೇ ಇದ್ದ ಹಾಗೆ ಬಿಡುವುದಿಲ್ಲ, ಇನ್ನು ಸೈಕಲ್ ಬಿಡುತ್ತಾರೆಯೇ?

"ಮೇಸ್ತ್ರಿ, ಈ ಸೈಕಲ್ಲಿನ ಹ್ಯಾಂಡಲ್ ಕೆಳಗಿನ ಕತ್ತು ಕುಯ್ದು ಮುಂದಿನ ಚಕ್ರ ಒಂಚೂರು ಮುಂದಕ್ಕೆ ಚಾಚೋ ಹಂಗೆ ಮಾಡ್ಕೊಡಿ. ಈಗಿರೋ ಹಂಗೆ ಇಳಿಜಾರಲ್ಲಿ ಮಕಾಡೆ ಬೀಳ್ತೀನಿ" ಅಂದೆ.

ಅವರು ಫ್ರೇಮನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದರು. "ಅಲ್ಯೂಮಿನಿಯಂ ಅಲ್ವೇನವ್ವ ಇದು?"

"ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿ, ಹಾಸನಕ್ಕೆ ಒಯ್ತೀನಿ."

ಸೈಕಲ್ಲನ್ನು ಶೆಡ್ಡಿನ ಗೋಡೆಗೆ ಒರಗಿಸಿ, "ಬುಟ್ಟೋಗು" ಅಂದರು.

ಎಂಟು ದಿನ ಬಿಟ್ಟು ಹೋದರೆ ಸೈಕಲ್ಲಿಗೆ ಹೊಸ ಕಪ್ಪು ಬಣ್ಣ. ಕತ್ತಿನ ಸುತ್ತ ಕಿರುಬೆರಳು ದಪ್ಪದ ವೆಲ್ಡಿಂಗ್ ಗಂಟು. ನೋಡಿಯೇ ಕುಣಿದಾಡಿಬಿಟ್ಟೆ. ಅಲ್ಲಿಗೇ ಬಿಡಲಿಲ್ಲ ಅವರು. ಕಾಫಿ ಗಿಡದ ಒಂದು ಕಡ್ಡಿ ಹಿಡಿದು ನನ್ನ ಭುಜದ ಅಳತೆ ತೆಗೆದರು. ಹ್ಯಾಂಡಲ್ಲನ್ನು ಎರಡೂ ಕಡೆ ಅರ್ಧರ್ಧ ಇಂಚು ಕುಯ್ದರು. ಹಿಂದಿನ ಸ್ಪ್ರಿಂಗ್ ಬದಲಾಯಿಸಿ, ನನ್ನನ್ನು ಹತ್ತು ಸಲ ಕೂರಿಸಿ ಏಳಿಸಿ, "ಈಗ ನಿನ್ನ ಮೈಗೆ ಕೂತದೆ, ಹೋಗು" ಅಂದರು.

ಮೂರು ವರ್ಷ ಗೆದ್ದೆ. ಪ್ರತಿ ಸಲ ಇಳಿಯುವ ಮುಂಚೆ ಆ ಗಂಟಿನ ಮೇಲೆ ಹೆಬ್ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದೆ. ಸಕಲೇಶಪುರದಲ್ಲಿ ಸನ್ಮಾನ ಮಾಡಿದಾಗ, ನನಗೆ ಹಾಕಿದ ಶಾಲು ತೆಗೆದು ಎಲ್ಲರ ಮುಂದೆ ಮೇಸ್ತ್ರಿಗೆ ಹೊದಿಸಿ, "ನನ್ನ ಫ್ರೇಮು ಮಾಡಿದ ಕೈ ಇದು" ಅಂತ ಮೈಕಿನಲ್ಲಿ ಕೂಗಿದೆ. ಅವರು ಕೈಮುಗಿದು, ಶಾಲು ಹೊದ್ದೇ ಕೂತರು.

ನಾಲ್ಕನೇ ವರ್ಷ ರಾಜ್ಯ ತಂಡದ ಆಯ್ಕೆಗೆ ಹತ್ತು ದಿನ ಇತ್ತು. ಬಣ್ಣ ಹೊಡೆಸಲು ಸೈಕಲ್ಲನ್ನು ಬೆಂಗಳೂರಿನ ಒಬ್ಬ ಮೆಕ್ಯಾನಿಕ್‌ಗೆ ಕೊಟ್ಟಿದ್ದೆ. ಹಳೆಯ ಬಣ್ಣ ಕೆರೆಯುವಾಗ ಆ ಗಂಟು ಹಪ್ಪಳದ ಹಾಗೆ ಎದ್ದು ಬಂತು. ಅವನು ಅದನ್ನು ನನ್ನ ಅಂಗೈಗೆ ಹಾಕಿ ಹೇಳಿದ: "ಇದು ವೆಲ್ಡಿಂಗ್ ಅಲ್ಲ ಮೇಡಂ, ಪೈಪ್ ಸೋರಿದ್ರೆ ಮೆತ್ತೋ ಪುಟ್ಟಿ. ಫ್ರೇಮ್ ಯಾರೂ ಮುಟ್ಟಿಲ್ಲ, ಕಂಪನಿದು ಹಾಗೇ ಇದೆ. ದೊಡ್ಡ ರೇಸರ್‌ಗಳೂ ಹೆಚ್ಚಿನವರು ಅಂಗಡೀಲಿ ಸಿಗೋ ಫ್ರೇಮ್ ಮೇಲೇ ಇಳಿಯೋದು. ಕೆಲವರಿಗೆ ಕಂಪನಿಯೋರು ಇನ್ನೂ ಮಾರಾಟಕ್ಕೆ ಬರದೇ ಇರೋದನ್ನ ಕೊಡ್ತಾರೆ. ಉಳಿದಂತೆ ಸ್ಪ್ರಿಂಗು, ಹ್ಯಾಂಡಲ್ಲು, ಟಯರು, ಇವನ್ನ ಮೈಗೆ ತಕ್ಕಂತೆ ಕೂರಿಸ್ಕೊಳ್ತಾರೆ, ಅಷ್ಟೇ."

ಸೀದಾ ಬಾಳ್ಳುಪೇಟೆಗೆ ಬಂದು ಆ ಪುಟ್ಟಿಯನ್ನು ಅವರ ಕಾಲ ಬುಡಕ್ಕೆ ಎಸೆದೆ. ಅವತ್ತು ಬಾಯಿಗೆ 'ನೀವು' ಬರಲಿಲ್ಲ. "ಕಬ್ಬಿಣ ಸುಳ್ಳು ಹೇಳಲ್ಲ ಅಂತಿದ್ದೆಯಲ್ಲ!"

"ಇದು ಕಬ್ಬಿಣ ಅಲ್ವಲ್ಲವ್ವ" ಅಂದರು. ಆ ಮನುಷ್ಯನಿಗೆ ಆಗಲೂ ತಮಾಷೆ! ಆಮೇಲೆ ಮೆಲ್ಲಗೆ ಹೇಳಿದರು. "ಇದಕ್ಕೆ ಬೆಂಕಿ ಇಟ್ರೆ ಮೆತ್ತಗಾಗ್ಬುಡ್ತದೆ. ಬಂಡೆ ಮೇಲಿಂದ ಹಾರಿದ್ರೆ ಕತ್ತು ಮುರೀತದೆ, ಸೈಕಲ್ದೂ ನಿಂದೂ. ಬೇಡ ಅಂದಿದ್ರೆ ಕೇಳ್ತಿದ್ಯಾ? ಹಾಸನದಲ್ಲಿ ಯಾರ ಕೈಲಾದ್ರೂ ಕುಯ್ಯಿಸ್ತಿದ್ದೆ."

ಕುಯ್ಯಿಸುತ್ತಿದ್ದೆ, ನಿಜ. ಅದಕ್ಕೇ ಇನ್ನೂ ಸಿಟ್ಟು ಬಂತು. "ಮತ್ತೆ ಶಾಲು? ಶಾಲು ಯಾಕೆ ಹೊದ್ಕೊಂಡೆ?"

ಅವರು ತಲೆ ತಗ್ಗಿಸಿದರು. "ನಲವತ್ತು ವರ್ಷದಲ್ಲಿ ಯಾರೂ ಹೊದಿಸಿರ್ಲಿಲ್ಲ ಕಣವ್ವ. ಆಸೆ ಆಗ್ಬುಡ್ತು."

ಆಯ್ಕೆಯ ದಿನ ವನಗೂರಿನ ಗುಡ್ಡದ ಮೇಲೆ ಹೆಬ್ಬೆರಳಿಡಲು ಗಂಟಿರಲಿಲ್ಲ. ಮೂರು ವರ್ಷ ಕಣ್ಣು ಮಿಟುಕಿಸದೆ ಹಾರುತ್ತಿದ್ದ ಬಂಡೆಯ ತುದಿಯಲ್ಲಿ ಬ್ರೇಕ್ ಹಿಡಿದೆ. ಬಿದ್ದೆ. ತಂಡಕ್ಕೆ ಬೇರೆಯವಳು ಹೋದಳು. ಫ್ರೇಮು ಅದೇ, ಗುಡ್ಡವೂ ಅದೇ. ಆದರೆ ನನ್ನ ಕೈಗೆ ನಂಬಿಕೆ ಹೋಗಿತ್ತು. ನನ್ನ ಜೀವ ಉಳಿಸಿದೆ ಅಂದುಕೊಂಡ ಮನುಷ್ಯನಿಗೆ, ತಾನು ನನ್ನಲ್ಲಿ ಮುರಿದದ್ದೇನು ಅಂತ ಗೊತ್ತಾಗಲೇ ಇಲ್ಲ. ಎರಡು ವರ್ಷ ಆ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಬಸ್ಸು ಬಾಳ್ಳುಪೇಟೆ ದಾಟುವಾಗ ಮುಖ ಇನ್ನೊಂದು ಕಡೆ ತಿರುಗಿಸಿ ಕೂರುತ್ತಿದ್ದೆ.

ಹೋದ ವರ್ಷ ಎದೆನೋವಿನಿಂದ ತೀರಿಕೊಂಡರು ಅಂತ ಅಪ್ಪ ಫೋನ್ ಮಾಡಿದರು. ಹೋಗಬಾರದು ಅಂದುಕೊಂಡೇ ಹೋದೆ. ಹಣೆಗೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ಅವರ ಹೆಂಡತಿ ನನ್ನನ್ನು ಕಂಡವರೇ ಎದ್ದು ಒಳಗೆ ಹೋಗಿ, ಆ ಶಾಲು ತಂದರು. ಮಡಿಸಿಟ್ಟದ್ದನ್ನು ಆಮೇಲೆ ಬಿಚ್ಚಿದ ಹಾಗಿರಲಿಲ್ಲ.

"ನೀನು ಬೈದು ಹೋದ ದಿನದಿಂದ ಒಂದಿನಾನೂ ಮೈ ಮೇಲೆ ಹಾಕ್ಲಿಲ್ಲ ಕಣವ್ವ. 'ಅವಳು ಒಪ್ಪಿದ್ರೆ ಹೊದಿಸಿ ಕಳಿಸಿ, ಇಲ್ಲಾಂದ್ರೆ ವಾಪಸ್ ಕೊಟ್ಬುಡಿ' ಅಂದಿದ್ರು. ಏನ್ ಮಾಡ್ಲಿ, ನೀನೇ ಹೇಳು."

ಸುತ್ತ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಸಾಯುವಾಗಲೂ ನನ್ನನ್ನು ಎಂಥ ಇಕ್ಕಟ್ಟಿಗೆ ಸಿಕ್ಕಿಸಿದ್ದರು! ಶಾಲನ್ನು ಕೈಗೆ ತೆಗೆದುಕೊಂಡೆ. ಅವರ ಮುಖ ನೋಡಿದೆ. ಎರಡೂ ಪಕ್ಕ ಈಗ ಒಂದೇ ಥರ ಸುಮ್ಮನಿದ್ದವು.

ನಾನೇ ಹೊದಿಸಿದೆ. ಕ್ಷಮಿಸಿದೆ ಅಂತ ಯಾರೂ ತಿಳಿಯಬೇಡಿ, ಕ್ಷಮಿಸಿಲ್ಲ. ಹ್ಯಾಂಡಲ್ ಕುಯ್ದದ್ದು ಮಾತ್ರ ನಿಜ ತಾನೇ? ಈ ಶಾಲು ಅದಕ್ಕೆ ಅಂತ ಮನಸ್ಸಿನಲ್ಲೇ ಹೇಳಿ, ಅವರ ಭುಜದ ಮೇಲೆ ಸರಿಯಾಗಿ ಎಳೆದು ಕೂರಿಸಿದೆ.